ಸುಮನಳ ಕೇಸು

ಅಸಂಗಿಯ ಸುಮನಳ ಮೇಲೆ ಒಂದು ಕೇಸು ನಡೆದಿದೆ. ಹೀಗಂದ ಕೂಡಲೇ ಯಾರೂ ಹುಬ್ಬೇರಿಸಬೇಕಾಗಿಲ್ಲ. ಅವಳು ಯಾರ ಹೊಲದ ಬದುವನ್ನೂ ಒತ್ತಿದವಳಲ್ಲ, ಯಾರ ಜುಟ್ಟನ್ನೂ ಹಿಡಿದು ಜಗಳಾಡಿದವಳಲ್ಲ. ಜುಟ್ಟಿನದೇ ಕೇಸು ಅನ್ನುವುದು ಮಾತ್ರ ನಿಜ. ಅದರ ತಾರೀಖು ಬೀಳುವುದು ಜತ್ತದ ಚರ್ಮದ ಡಾಕ್ಟರರ ದವಾಖಾನೆಯಲ್ಲಿ. ತಲೆಗೂದಲಿನ ಔಷಧೋಪಚಾರವನ್ನು ಆ ಮನೆಯವರು ಕೇಸು ಎಂದೇ ಯಾಕೆ ಕರೆಯುತ್ತಾರೆ ಎಂದು ತಿಳಿಯಬೇಕಾದರೆ ಇಪ್ಪತ್ತೆರಡು ವರ್ಷ ಹಿಂದಿನ ಒಂದು ಫಜೀತಿಯಿಂದ ಶುರು ಮಾಡಬೇಕು.

ಅಸಂಗಿ ಮರಾಠಿ ರಾಜ್ಯಕ್ಕೆ ಸೇರಿದ ಗಡಿಯೂರು; ಸುಮನ ಹುಟ್ಟಿದ್ದು ಗಡಿಯ ಆಚೆ, ಕನ್ನಡದ ಕಡೆಯ ಇಂಡಿ ತಾಲ್ಲೂಕಿನಲ್ಲಿ. ಐದು ವರ್ಷದವಳಿದ್ದಾಗಲೇ ತಾಯಿ ತೀರಿಕೊಂಡಿದ್ದಳು. ಹತ್ತೊಂಬತ್ತಕ್ಕೆ ಅಸಂಗಿಯ ಕುರಿಗಾರ ಸೋಮಲಿಂಗನ ಕೈಹಿಡಿದು ಬಂದಾಗ ಅವಳ ಜೊತೆ ಬಂದದ್ದು ಮೊಣಕಾಲು ಮುಟ್ಟುವ ಹೆರಳು ಮತ್ತು ಒಂದಕ್ಷರ ಮರಾಠಿ ಬಾರದ ಬಾಯಿ. ಮದುವೆಯಾದ ಮೂರನೆಯ ದಿನ ಬೆಳಿಗ್ಗೆ ಅಂಗಳ ಕಸ ಹೊಡೆಯುತ್ತಿದ್ದಳು. ಸೈಕಲ್ಲಿನ ಮೇಲೊಬ್ಬ ಗಟ್ಟಿ ದನಿಯಲ್ಲಿ ಕೂಗುತ್ತ ಬಂದ: “ಕೇಸ್ ದ್ಯಾ... ಭಾಂಡೀ ಘ್ಯಾ...!”

ಅವಳಿಗೆ ತಿಳಿದದ್ದು ಒಂದೇ ಪದ, ಕೇಸು. ತವರಿನಲ್ಲಿ ಚಿಕ್ಕಪ್ಪನ ಬದುವಿನ ಕೇಸು ಏಳು ವರ್ಷ ಇಂಡಿಯ ಕೋರ್ಟಿನಲ್ಲಿ ನಡೆದು, ಪೊಲೀಸರು ಎರಡು ಸಲ ಮನೆ ಬಾಗಿಲಿಗೆ ಬಂದಿದ್ದರು. ಇಲ್ಲಿಗೂ ಬಂದೇಬಿಟ್ಟರು ಅಂದುಕೊಂಡ ಹೊಸ ಮದುಮಗಳು ಕಸಬರಿಗೆ ಒಗೆದು, ಮೇವಿನ ಕೋಣೆ ಹೊಕ್ಕು, ಒಳಗಿನಿಂದ ಚಿಲಕ ಹಾಕಿಕೊಂಡಳು. ಅತ್ತೆ ಹಾಲವ್ವ ಬಾಗಿಲ ಹೊರಗೆ ನಿಂತು ಹೊಟ್ಟೆ ಹಿಡಿದುಕೊಂಡು ನಕ್ಕಳು.

“ಬಾಗಲಾ ತಗಿ ತಂಗಿ! ಪೊಲೀಸರಲ್ಲ, ಭಾಂಡೆ-ಪಾತ್ರಿ ಮಾರಾಂವ ತಾನಾಜಿ ಬಂದಾನ. ಮರಾಠಿಯೊಳಗ ಕೇಸ್ ಅಂದ್ರ ಕೂದಲಾ. ಉದುರಿದ ಕೂದಲಾ ಕೊಟ್ರ ಭಾಂಡೆ ಕೊಡತಾನ.”

ಈ ಕಡೆಯ ಹೆಂಗಸರು ಬಾಚಿದಾಗ ಬಂದ ಕೂದಲನ್ನು ಗಾಳಿಗೆ ಬಿಡುವುದಿಲ್ಲ. ಬೆರಳಿಗೆ ಸುತ್ತಿ ಉಂಡೆ ಮಾಡಿ ಗೋಡೆಯ ಬಿರುಕಿಗೋ ಚೀಲಕ್ಕೋ ಸೇರಿಸಿಡುತ್ತಾರೆ. ತಾನಾಜಿ ಬಂದಾಗ ಅದನ್ನು ಸಣ್ಣ ತಕ್ಕಡಿಗೆ ಹಾಕಿ ತೂಗುತ್ತಾನೆ. ತೂಕಕ್ಕೆ ತಕ್ಕಂತೆ ಪಿನ್ನೋ, ಚಮಚವೋ, ವರ್ಷವಿಡೀ ಕೂಡಿಟ್ಟಿದ್ದರೆ ಅನ್ನ ಬೇಯಿಸುವ ಪಾತೇಲಿಯೋ ಸಿಗುತ್ತದೆ. ಅವತ್ತಿನಿಂದ ಆ ಮನೆಯಲ್ಲಿ ಕೂದಲಿನ ಮಾತೆಲ್ಲ ಕೇಸೇ ಆಯಿತು. ಎಣ್ಣೆ ಹಚ್ಚಿದರೆ ಕೇಸಿಗೆ ಖರ್ಚು, ಹೇನು ಸಿಕ್ಕರೆ ಕೇಸಿನ ಸಾಕ್ಷಿ.

ಹಾಲವ್ವನಿಗೆ ಹೆಣ್ಣುಮಕ್ಕಳಿರಲಿಲ್ಲ. ಉಣ್ಣೆ ನೂಲುವುದರಲ್ಲಿ ಅವಳ ಕೈ ಊರಿಗೇ ಹೆಸರು. ಕತ್ತರಿಸಿದ ಉಣ್ಣೆಯನ್ನು ಅಂಗೈ ಮೇಲಿಟ್ಟು ಒಮ್ಮೆ ಮೇಲೆ ಕೆಳಗೆ ಆಡಿಸಿದರೆ ಸಾಕು, ಎಷ್ಟು ತೂಕ, ಎಳೆ ಮರಿಯದೋ ಮುದಿ ಕುರಿಯದೋ, ಎಲ್ಲ ಹೇಳುತ್ತಿದ್ದಳು. ಆ ಕೈಗೆ ಸೊಸೆಯ ಹೆರಳು ಸಿಕ್ಕಿದ್ದೇ ತಡ, ಭಾನುವಾರ ಅಂದರೆ ತಲೆ ಬಾಚಿ ಹಿಕ್ಕುವ ದಿನವಾಯಿತು. ಕಟ್ಟೆಯ ಮೇಲೆ ಹಾಲವ್ವ, ಕೆಳಗಿನ ಮೆಟ್ಟಿಲಲ್ಲಿ ಸುಮನ, ನಡುವೆ ಒಂದು ಮರದ ಹಣಿಗೆ. ತಾಯಿಯ ಕೈ ಹೇಗಿತ್ತೆಂದು ಸುಮನಳಿಗೆ ನೆನಪಿಲ್ಲ. ಯಾರಾದರೂ ತಾಯಿ ಅಂದರೆ ಅವಳಿಗೆ ನೆತ್ತಿಯ ಮೇಲೆ ಹಾಲವ್ವನ ಒರಟು ಬೆರಳು ಓಡಾಡಿದಂತಾಗುತ್ತದೆ. ಹಾಗಂತ ಅವಳು ಯಾರ ಮುಂದೂ ಹೇಳಿಕೊಂಡವಳಲ್ಲ, ಆದರೆ ಇಪ್ಪತ್ತು ವರ್ಷ ಒಂದು ಭಾನುವಾರವನ್ನೂ ತಪ್ಪಿಸಿರಲಿಲ್ಲ.

ಮೂವತ್ತೊಂಬತ್ತಕ್ಕೆ ಕೂದಲು ಉದುರಲು ಹತ್ತಿತು. ಮೊದಮೊದಲು ಸುಮನ ನಕ್ಕಳು. ಚೀಲ ಬೇಗ ತುಂಬುತ್ತದಲ್ಲ, ಅಡುಗೆಮನೆಯ ಹಲಗೆಯ ಮೇಲೆ ಹೊಸ ಪಾತೇಲಿಗಳು ಸಾಲುಗಟ್ಟಿದವು. ಮೂರನೆಯ ಪಾತೇಲಿ ಕೊಡುವಾಗ ತಾನಾಜಿ ತಕ್ಕಡಿಯನ್ನು ಕೆಳಗಿಟ್ಟ. ಸೈಕಲ್ಲು ಹೋಗಿ ಮೋಟರ್‌ಸೈಕಲ್ಲು ಬಂದಿದ್ದರೂ ಅವನ ಕನ್ನಡ ಇನ್ನೂ ಕುಂಟುತ್ತಿತ್ತು, ಅತ್ತಿಗೆ ಎನ್ನಲು ವಹಿನಿ ಎಂದೇ ಅನ್ನುತ್ತಿದ್ದ.

“ವಹಿನಿ, ಒಂದ ಮಾತ ಹೇಳತೋ. ಇಷ್ಟ ತೂಕ ನನಗ ಚಲೋ, ನಿಮಗ ಚಲೋ ನಾಹೀ. ಡಾಕ್ಟರಕಡೆ ಹೋಗ್ರಿ.”

ವ್ಯಾಪಾರದವನೇ ವ್ಯಾಪಾರ ಬೇಡವೆನ್ನುತ್ತಿದ್ದಾನೆಂದರೆ ವಿಷಯ ಹಗುರದ್ದಲ್ಲ ಎಂದು ಅವಳಿಗೆ ಹೊಳೆಯಿತು. ಅವತ್ತು ಕನ್ನಡಿ ಹಿಡಿದು ನೋಡಿಕೊಂಡಳು. ಬೈತಲೆ ಅಗಲವಾಗಿ, ನೆತ್ತಿಯ ಚರ್ಮ ಬೆಳ್ಳಗೆ ಕಾಣುತ್ತಿತ್ತು. ಮರುದಿನವೇ ಭಾನುವಾರ; ಹಾಲವ್ವ ಹಣಿಗೆ ಹಿಡಿದು ಕಟ್ಟೆಗೆ ಬಂದಾಗ ಸುಮನ ಸೆರಗನ್ನು ಹಣೆಯವರೆಗೆ ಎಳೆದುಕೊಂಡು, “ನಾನ ಹಿಕ್ಕೊಂಡೀನ್ರಿ ಅತ್ತಿ” ಅಂದಳು. ಮುಂದಿನ ಭಾನುವಾರ ರೊಟ್ಟಿಯ ನೆಪ, ಆಮೇಲೆ ತಲೆನೋವಿನ ನೆಪ. ನಾಲ್ಕನೆಯ ಭಾನುವಾರ ಹಾಲವ್ವ ಕೇಳಲಿಲ್ಲ. ಹಣಿಗೆಯನ್ನು ಬಟ್ಟೆಯಲ್ಲಿ ಸುತ್ತಿ ಗೂಡಿನಲ್ಲಿಟ್ಟು ನೂಲಲು ಕುಳಿತಳು. ಅವಳಿಗೆ ನೋವಾಯಿತೆಂದು ಸುಮನಳಿಗೆ ಗೊತ್ತಾಯಿತು. ಆದರೆ ಆ ಕೈ ಕಟ್ಟಿ ಬೆಳೆಸಿದ ಹೆರಳು ಹೀಗಾಗಿದೆ ಎಂದು ಆ ಕೈಗೇ ತೋರಿಸುವ ಧೈರ್ಯ ಅವಳಿಗೆ ಬರಲಿಲ್ಲ.

ಡಾಕ್ಟರರ ಬಳಿ ಹೋಗುವಂತೆ ಮಾಡಿದ್ದು ಮಾತ್ರ ಖಿಚಡಿ. ಸುಮನ ಊರಿನ ಕನ್ನಡ ಸಾಲೆಯಲ್ಲಿ ಮಕ್ಕಳಿಗೆ ಮಧ್ಯಾಹ್ನದ ಅಡುಗೆ ಮಾಡುತ್ತಾಳೆ. ಭಾನುವಾರದ ಹಣಿಗೆ ತಪ್ಪಿ ವರ್ಷ ದಾಟಿದ ಮೇಲೆ ಒಂದು ದಿನ ಬಸಗೊಂಡ ಗುರುಗಳು ಮಕ್ಕಳ ಸಾಲಿನಲ್ಲೇ ಉಣ್ಣಲು ಕುಳಿತು, ಎರಡನೆಯ ತುತ್ತಿಗೆ ಉದ್ದನೆಯದೊಂದು ಕೂದಲನ್ನು ಎಳೆದು ತೆಗೆದು, ತಾಟಿನ ಅಂಚಿಗೆ ಅಂಟಿಸಿ, ಏನೂ ಆಗದವರಂತೆ ಊಟ ಮುಂದುವರಿಸಿದರು. ಬೈದಿದ್ದರೆ ಎರಡು ಮಾತು ಎದುರಾಡಿ ಹಗುರಾಗುತ್ತಿದ್ದಳು. ಅವರು ಬೈಯಲಿಲ್ಲ. ಮರುದಿನದಿಂದ ತಲೆಗೆ ಬಿಗಿಯಾಗಿ ಬಟ್ಟೆ ಕಟ್ಟಿಕೊಂಡಳು, ಶನಿವಾರ ಗಂಡನನ್ನು ಕರೆದುಕೊಂಡು ಜತ್ತದ ಎಸ್.ಟಿ. ಬಸ್ಸು ಹತ್ತಿದಳು. ಅತ್ತೆಗೆ ಹೇಳಿದ್ದು ಸೊಂಟನೋವು ಎಂದು.

ಡಾಕ್ಟರು ಹೆಣ್ಣುಮಗಳು, ಅರ್ಧ ಮರಾಠಿ ಅರ್ಧ ಕನ್ನಡದವರು. ತಲೆ ನೋಡಿದರು, ರಕ್ತ ತಪಾಸಣೆಗೆ ಕಳಿಸಿದರು, ಮುಂದಿನ ವಾರ ಚೀಟಿ ನೋಡಿ ಹೇಳಿದರು: ಥೈರಾಯ್ಡ್ ಸರಿಯಾಗಿದೆ, ರಕ್ತದಲ್ಲಿ ಕಬ್ಬಿಣದ ಅಂಶ ಕಡಿಮೆಯಿದೆ, ಅದಕ್ಕೆ ಗುಳಿಗೆ. ಆದರೆ ಬೈತಲೆ ಅಗಲವಾಗುವುದು ಬೇರೆಯ ತರಹದ್ದು, ಅದಕ್ಕೆ ನೆತ್ತಿಗೆ ಹಚ್ಚುವ ಔಷಧಿ.

“ನೋಡ್ರಿ, ಚಲೋದೂ ಹೇಳತೀನಿ, ತ್ರಾಸಿಂದೂ ಹೇಳತೀನಿ. ತೂಗಿ ನೋಡೂದು ನಿಮ್ಮ ಕೆಲಸ” ಅಂದರು. “ಭಾಳ ಮಂದಿಗೆ ಉದುರೂದು ನಿಲ್ಲತೈತಿ. ಕೆಲವರಿಗೆ ಹೊಸಾ ಕೂದಲಾನೂ ಬರತಾವ. ಎಲ್ಲಾರಿಗೂ ಬರತಾವಂತ ನಾ ಬರದ ಕೊಡೂದಿಲ್ಲ. ಆರ ತಿಂಗಳ ತಾಳ್ಮಿ ಬೇಕು. ಮೊದಲ ಒಂದ ತಿಂಗಳ, ಎರಡ ತಿಂಗಳ ಇನ್ನೂ ಹೆಚ್ಚ ಉದುರತಾವ, ಅಂಜಬ್ಯಾಡ್ರಿ. ತುರಿಕಿ ಬರಬಹುದು. ಔಷಧಿ ಹಣಿಮ್ಯಾಗ ಇಳದ್ರ ಮುಖದಮ್ಯಾಲ ಸಣ್ಣ ಕೂದಲಾ ಬರಬಹುದು. ಎದಿ ಡವಡವ ಅಂದ್ರ, ಚಕ್ಕರ ಬಂದ್ರ ಬಿಟ್ಟು ನನ್ನ ಕಡೆ ಬರ್ರಿ. ಬಸುರಿದ್ದಾಗ ಹಚ್ಚೂಹಂಗಿಲ್ಲ.”

“ಆ ಸುದ್ದಿ ಇಲ್ಲ ಬಿಡ್ರಿ ಮ್ಯಾಡಮ್, ಮಗಳು ಕಾಲೇಜಿಗೆ ಹೊಂಟಾಳ” ಅಂದಳು ಸುಮನ. “ಎಷ್ಟ ದಿನಾ ಹಚ್ಚಬೇಕ್ರಿ?”

“ಚಲೋ ಆತಂದ್ರ ಹಚ್ಚತಾನ ಇರಬೇಕು. ಬಿಟ್ರ ನಾಕಾರ ತಿಂಗಳದಾಗ ಬಂದಿದ್ದೂ ಹೋಗತೈತಿ.”

ಪಕ್ಕದಲ್ಲಿ ಕುಳಿತಿದ್ದ ಸೋಮಲಿಂಗ ಆಗ ತಲೆ ತುರಿಸಿಕೊಳ್ಳಲು ರುಮಾಲು ಬಿಚ್ಚಿದ. ಹದಿನೈದು ವರ್ಷದಿಂದ ಆ ರುಮಾಲಿನ ಕೆಳಗೆ ನುಣ್ಣಗೆ ಬೋಳಾಗಿದ್ದ ತಲೆ ಟ್ಯೂಬ್‌ಲೈಟಿನ ಬೆಳಕಿಗೆ ಹೊಳೆಯಿತು. ಡಾಕ್ಟರು ನಗು ತಡೆದುಕೊಂಡು, ಗಂಡಸರಿಗೆಂದೇ ದಿನಕ್ಕೊಂದು ನುಂಗುವ ಗುಳಿಗೆಯಿದೆ, ಬೇಗ ಶುರು ಮಾಡಿದವರಿಗೆ ಒಳ್ಳೆಯ ಗುಣ ಕೊಡುತ್ತದೆ ಅಂದರು. ಆಮೇಲೆ ದನಿ ತಗ್ಗಿಸಿ ಮರಾಠಿಯಲ್ಲಿ, ಕೆಲವರಿಗೆ ಮಾತ್ರ ಹಾಸಿಗೆಯ ಆಸೆ ಕುಗ್ಗುತ್ತದೆ, ಮನಸ್ಸು ಮಂಕಾಗುವುದೂ ಉಂಟು, ಅದನ್ನು ಮುಚ್ಚಿಡಬಾರದು ಎಂದು ಸೇರಿಸಿದರು. ಸೋಮಲಿಂಗ ಒಂದು ಕ್ಷಣವೂ ತೂಗಿ ನೋಡಲಿಲ್ಲ. ರುಮಾಲನ್ನು ಮತ್ತೆ ಸುತ್ತಿಕೊಂಡ.

“ನನಗ ಇದ ಚಲೋ ಐತ್ರಿ ಮ್ಯಾಡಮ್. ಇದಕ್ಕ ಸೈಡ್ ಎಫೆಕ್ಟ್ ಇಲ್ಲ.”

ಸುಮನಳ ಲೆಕ್ಕ ಅಷ್ಟು ಸುಲಭದ್ದಾಗಿರಲಿಲ್ಲ. ಮೊಣಕಾಲು ಮುಟ್ಟುವ ಹೆರಳು ಅವಳಿಗೆ ಬೇಕಿರಲಿಲ್ಲ. ಅತ್ತೆಯ ಮುಂದೆ ನಾಚಿಕೆಯಿಲ್ಲದೆ ಸೆರಗು ಸರಿಸಿ ಕೂರುವಷ್ಟು ಕೂದಲು ಉಳಿದರೆ ಸಾಕಿತ್ತು. ಹಾಲವ್ವನಿಗೆ ಎಪ್ಪತ್ತೈದು ದಾಟಿತ್ತು, ಕಣ್ಣು ಮಬ್ಬಾಗುತ್ತಿತ್ತು. ಕಳೆದುಹೋದ ಭಾನುವಾರಗಳು ತಿರುಗಿ ಬರುವುದಿಲ್ಲವೆಂದು ಬಸ್ಸಿನಲ್ಲಿ ಕಿಟಕಿಯಾಚೆ ನೋಡುತ್ತ ಅಂದುಕೊಂಡಳು. ಬಾಟಲಿಯನ್ನು ಮಡಿಲಲ್ಲಿ ಗಟ್ಟಿಯಾಗಿ ಹಿಡಿದುಕೊಂಡಳು.

ಔಷಧಿ ಶುರುವಾಯಿತು. ಬಾಟಲಿಯ ಜೊತೆ ಬಂದ ಗಾಜಿನ ನಳಿಕೆಯಲ್ಲಿ ಗೆರೆಯವರೆಗೆ ಎಳೆದು, ಬೈತಲೆಗುಂಟ ಹನಿ ಬಿಡಬೇಕು. ಇಷ್ಟೇ ಇಷ್ಟು. ಮೂರು ವಾರ ಹಾಗೇ ಮಾಡಿದಳು. ನಾಲ್ಕನೆಯ ವಾರ ಡಾಕ್ಟರು ಹೇಳಿದ್ದೇ ನಡೆಯಿತು, ಮುಟ್ಟಿದರೆ ಸಾಕು ಕೂದಲು ಕೈಗೆ ಬಂತು. ಅಂಜಬೇಡಿ ಅಂದದ್ದು ನೆನಪಿತ್ತು, ಆದರೆ ಗೋಡೆಯ ಗೂಟಕ್ಕೆ ನೇತುಹಾಕಿದ ಚೀಲ ವಾರದಲ್ಲೇ ಉಬ್ಬಿದಾಗ ಆ ಮಾತು ಎಲ್ಲಿಗೋ ಹೋಯಿತು. ತಲೆಗೆ ಹಚ್ಚುವುದೆಂದರೆ ಅವಳಿಗೆ ತಿಳಿದದ್ದು ಎಣ್ಣೆ. ಎಣ್ಣೆಯನ್ನು ಯಾರಾದರೂ ಹನಿ ಲೆಕ್ಕದಲ್ಲಿ ಹಚ್ಚುತ್ತಾರೆಯೇ? ಅಂಗೈ ತುಂಬ ಸುರಿದುಕೊಂಡು, ನೆತ್ತಿಗೆ ತಟ್ಟಿ ತಟ್ಟಿ ಇಂಗಿಸಿದರೇ ತಂಪು. ತನ್ನದೇ ಕಡಿಮೆಯಾಗಿದೆ ಅಂದುಕೊಂಡು ಔಷಧಿಯನ್ನೂ ಅಂಗೈಗೆ ಸುರಿದುಕೊಂಡಳು, ಒಂದು ದಿನವಲ್ಲ, ಮೂರು ದಿನ.

ಮೂರನೆಯ ದಿನ ಬೆಳಿಗ್ಗೆ ರೊಟ್ಟಿ ಬಡಿಯುತ್ತಿದ್ದಾಗ ಎದೆ ಹೊಡೆದುಕೊಳ್ಳತೊಡಗಿತು. ಏಳಹೋದರೆ ಕಣ್ಣು ಕತ್ತಲಿಟ್ಟಿತು. ಒಲೆಯ ಪಕ್ಕ ಹಾಗೇ ಕುಸಿದು ಕುಳಿತಳು. ಹಾಲವ್ವ ಗೋಡೆ ಹಿಡಿದುಕೊಂಡು ಓಡಿ ಬಂದು ನೀರು ಕುಡಿಸಿದಳು, ಸೆರಗಿನಿಂದ ಬೆವರು ಒರೆಸಿದಳು. ಅಷ್ಟರಲ್ಲೂ ಸುಮನಳ ಒಂದು ಕೈ ತಲೆಯ ಮೇಲಿನ ಸೆರಗನ್ನು ಹಿಡಿದೇ ಇತ್ತು.

“ಅತ್ತಿ, ನಾ ನಿಮಗ ಸುಳ್ಳ ಹೇಳೀನ್ರಿ. ನನಗ ಸೊಂಟಾ ನೋವಿಲ್ಲ. ನನ್ನ ಕೂದಲಾ ಹೊಂಟಾವ.”

“ಗೊತ್ತೈತಿ.”

“ಹೆಂಗ ಗೊತ್ತಾತ್ರಿ?”

“ನೀ ತಲಿ ಮುಚ್ಚಿದಿ, ಚೀಲಾ ಮುಚ್ಚಲಿಲ್ಲ” ಅಂದಳು ಹಾಲವ್ವ. “ಹಿಕ್ಕೂದು ನಿಂತಾಗಿಂದ ಪ್ರತಿ ಐತಾರ ಕೈಯಾಗ ಹಿಡದ ತೂಗತೀನಿ. ಒಂದೂವರಿ ವರ್ಷ ಆತು. ಈ ತಿಂಗಳ ಭಾಳ ವಜ್ಜ ಆತು ಅಂತ ಎರಡ ಸಲಾ ತೂಗಿ ನೋಡಿದೆ.”

ಸುಮನಳಿಗೆ ಅಳು ಬಂತು. ಅತ್ತು ಮುಗಿಸಿ ಔಷಧಿ, ಡಾಕ್ಟರು, ಅಂಗೈ ತುಂಬ ಸುರಿದದ್ದು ಎಲ್ಲವನ್ನೂ ಹೇಳಿದಳು. ಇನ್ನು ಇದನ್ನು ಚರಂಡಿಗೆ ಸುರಿಯುತ್ತೇನೆ ಅಂದಳು. ಹಾಲವ್ವ ಒಲೆಯ ಉರಿ ತಗ್ಗಿಸಿದಳು.

“ಎದಿ ಹೊಡಕೊಂಡದ್ದಕ್ಕ ಈಗಿಂದೀಗ ಡಾಕ್ಟರ ಕಡೆ ಹೋಗು. ಅದು ಬ್ಯಾರೆ ಮಾತು. ಉದುರಿದ್ದಕ್ಕ ಮಾತ್ರ ಚೆಲ್ಲಬ್ಯಾಡ. ಕುರಿಗೆ ಜಡ್ಡ ಬಂದು ಹ್ವಾದಮ್ಯಾಲ ಮೈಮ್ಯಾಲಿನ ಉಣ್ಣೆ ಕಿತ್ತ ಕಿತ್ತ ಬರತೈತಿ. ತಿಳೀದವರು ಕುರಿ ಕೆಟ್ಟತು ಅಂತ ಸಂತಿಗೆ ಹೊಡಕೊಂಡ ಹೋಗತಾರ. ನಿಮ್ಮ ಮಾವ ಹೋಗತಿದ್ದಿಲ್ಲ. ಬುಡದಾಗ ಬೆರಳ ಹಾಕಿ ನೋಡತಿದ್ದ. ಕೆಳಗ ಹೊಸಾದು ಚುಚ್ಚತಿತ್ತಂದ್ರ ಮೇವ ಹಾಕಿ ಸುಮ್ನ ಇರತಿದ್ದ. ಹೊಸಾದು ದೂಡಿದ್ರ ಹಳೇದು ಬೀಳಬೇಕಲ್ಲ?”

“ಹಂಗಾರ ನೋಡತೀರೇನ್ರಿ?” ಎಂದು ಸುಮನ ಕೇಳಲಿಲ್ಲ, ಕೇಳಬೇಕೆನಿಸಿತು ಅಷ್ಟೇ. ಸೆರಗು ಹಿಡಿದ ಅವಳ ಕೈಯನ್ನು ಹಾಲವ್ವ ನೋಡಿದಳು, ಆದರೆ ಸರಿಸಲಿಲ್ಲ. “ನೀನಾಗಿ ಕೊಟ್ಟ ದಿನಾ ಹಿಕ್ಕತೀನಿ” ಎಂದು ಹೇಳಿ, ಉಳಿದ ರೊಟ್ಟಿಗಳನ್ನು ತಾನೇ ಬಡಿದಳು.

ಜತ್ತದ ಡಾಕ್ಟರು ಬಿ.ಪಿ. ನೋಡಿದರು, ಎದೆಯ ಇ.ಸಿ.ಜಿ. ತೆಗೆಸಿದರು, ಗಾಬರಿಯಾಗುವಂಥದ್ದೇನಿಲ್ಲ ಅಂದ ಮೇಲೆ ಚೆನ್ನಾಗಿ ಬೈದರು. “ಇದು ಎಣ್ಣಿ ಅಲ್ಲ ಸುಮನಬಾಯಿ! ಹೆಚ್ಚ ಹಾಕಿದ್ರ ಹೆಚ್ಚ ಕೂದಲಾ ಬರೂದಿಲ್ಲ, ಹೆಚ್ಚ ತ್ರಾಸ ಬರತೈತಿ.” ಎರಡು ವಾರ ಬಿಟ್ಟು, ಮತ್ತೆ ಗೆರೆಯವರೆಗೆ ಮಾತ್ರ ಎಂದು ಶುರು ಮಾಡಿಸಿದರು. ಆ ನಂತರ ಎದೆ ಹೊಡೆದುಕೊಳ್ಳಲಿಲ್ಲ. ಮನೆಯಲ್ಲಿ ಮುಚ್ಚುಮರೆ ಹೋದದ್ದರಿಂದ ಹಳೆಯ ತಮಾಷೆಯೂ ಮರಳಿತು. ಕೇಸು ಎಲ್ಲಿಗೆ ಬಂತು, ಮುಂದಿನ ತಾರೀಖು ಯಾವಾಗ ಎಂದು ಸೋಮಲಿಂಗ ಕುರಿ ಹೊಡೆದುಕೊಂಡು ಹೋಗುವಾಗಲೂ ಕೇಳಿ ಹೋಗುತ್ತಿದ್ದ.

ತಿಂಗಳುಗಳು ಸರಿದವು. ಚೀಲ ಉಬ್ಬುವುದು ನಿಂತಿತು. ಸಾಲೆಯಲ್ಲಿ ತಲೆಬಟ್ಟೆಯನ್ನು ಬಿಚ್ಚಿ ಕೊಡವಿದರೆ ಒಂದೋ ಎರಡೋ. ತಾನಾಜಿ ಬಂದು ತೂಗಿದರೆ ತಕ್ಕಡಿ ಮಿಸುಕಲೇ ಇಲ್ಲ. ಅವನು ಒಂದು ಪಿನ್ನಿನ ಪೊಟ್ಟಣ ಕೊಟ್ಟು, “ವಹಿನಿ, ಧಂದಾ ಬುಡವಲಾ!” ಎಂದು ವ್ಯಾಪಾರ ಮುಳುಗಿದವನಂತೆ ಹಣೆ ಚಚ್ಚಿಕೊಂಡು, ಅವಳು ಕೊಟ್ಟ ಚಹಾವನ್ನು ಖುಷಿಯಿಂದ ಕುಡಿದು ಹೋದ.

ಆದರೆ ಕೆನ್ನೆಯ ಪಕ್ಕ, ಕಿವಿಯ ಮುಂದೆ ಸಣ್ಣ ರೋಮ ಮೂಡಿತ್ತು. ಅರಿಷಿಣ ಹಚ್ಚಿದರೆ ಎದ್ದು ಕಾಣುತ್ತಿತ್ತು. ಕಾಲೇಜಿನಿಂದ ಬಂದ ಮಗಳು ಪ್ರಾಜಕ್ತಾ ಮೊದಲು ನೋಡಿದ್ದೇ ಅದನ್ನು: “ಅವ್ವಾ, ಅಪ್ಪನ ಕೂದಲಾ ನಿನ್ನ ಗಲ್ಲಕ್ಕ ಬಂದಾವ!” ನೆತ್ತಿಯಲ್ಲಿ ಆಗಾಗ ತುರಿಕೆ, ಹೊಟ್ಟು. ದಿನ ತಪ್ಪದೆ ನಳಿಕೆ ಹಿಡಿಯುವ ಬೇಸರ ಬೇರೆ. ನೆತ್ತಿ ಮಾತ್ರ ಕನ್ನಡಿಯಲ್ಲಿ ಅಷ್ಟಕ್ಕಷ್ಟೇ ಕಾಣುತ್ತಿತ್ತು.

ಆರು ತಿಂಗಳ ತಾರೀಖಿಗೆ ಡಾಕ್ಟರು ಮೊಬೈಲಿನಲ್ಲಿ ಎರಡು ಫೋಟೋ ತೋರಿಸಿದರು, ಮೊದಲಿನದು ಮತ್ತು ಇವತ್ತಿನದು. ಸುಧಾರಣೆಯಿದೆ ಅಂದರು. ಸುಮನ ಎರಡನ್ನೂ ಹಿಗ್ಗಿಸಿ ನೋಡಿದಳು. ಇದೆ ಅಂದರೆ ಇದೆ, ಇಲ್ಲ ಅಂದರೆ ಇಲ್ಲ ಅನ್ನುವಂತಿತ್ತು. “ಇನ್ನ ಮುಂದುವರಸೂದು ಬಿಡೂದು ನೀವ ಹೇಳ್ರಿ. ಮುಖದ ಕೂದಲಾ ನಿಮಗ ಭಾಳ ಬ್ಯಾಸರಾದ್ರ ಬಿಡಬಹುದು, ತಪ್ಪಿಲ್ಲ” ಅಂದರು ಡಾಕ್ಟರು. ಬಸ್ಸಿನಲ್ಲಿ ದಾರಿಯುದ್ದಕ್ಕೂ ಅದೇ ತೂಗಾಟ. ಸಾಯುವ ತನಕ ಒಂದು ಬಾಟಲಿಗೆ ಕಟ್ಟಿಕೊಂಡಿರಬೇಕೇ? ಬಿಟ್ಟರೆ ಉಳಿದದ್ದೂ ಹೋಗುತ್ತದೆ. ಹಚ್ಚಿದರೆ ಗಲ್ಲದ ಮೇಲೆ ರೋಮ, ಅದೂ ಗುಣ ಬಂದಿದೆಯೋ ಇಲ್ಲವೋ ತನ್ನ ಕಣ್ಣಿಗೇ ಕಾಣದ ಕೂದಲಿಗಾಗಿ. ಊರು ಬಂದರೂ ಅವಳಿಗೆ ಒಂದು ಕಡೆಯ ತಟ್ಟೆ ಕೆಳಗಿಳಿಯಲಿಲ್ಲ.

ಮರುದಿನ ಭಾನುವಾರ. ಹಾಲವ್ವ ಕಟ್ಟೆಯ ಮೇಲೆ ಉಣ್ಣೆ ಬಿಡಿಸುತ್ತ ಕುಳಿತಿದ್ದಳು. ಸುಮನ ಸ್ನಾನ ಮಾಡಿ ಬಂದು, ಗೂಡಿಗೆ ಕೈಹಾಕಿ, ಬಟ್ಟೆ ಬಿಚ್ಚಿ ಹಣಿಗೆ ತೆಗೆದಳು. ಅದನ್ನು ಅತ್ತೆಯ ಮಡಿಲಿಗಿಟ್ಟು ಕೆಳಗಿನ ಮೆಟ್ಟಿಲಲ್ಲಿ ಕುಳಿತು, ಸೆರಗನ್ನು ಹೆಗಲಿಗೆ ಇಳಿಸಿದಳು. ಬಿಸಿಲು ನೇರವಾಗಿ ನೆತ್ತಿಗೆ ತಗುಲಿತು. ಎರಡು ವರ್ಷದ ಮೇಲೆ ಹೀಗೆ ಕುಳಿತದ್ದಕ್ಕೆ ಅವಳ ಕುತ್ತಿಗೆ ಬಿಗಿದುಕೊಂಡಿತ್ತು.

“ನೀವ ಹೇಳ್ರಿ ಅತ್ತಿ. ಡಾಕ್ಟರ ಹೇಳಿದ್ದು ನನಗ ತಿಳೀವಲ್ದು, ಕನ್ನಡಿ ಹೇಳಿದ್ದೂ ತಿಳೀವಲ್ದು. ಹಚ್ಚಲೋ, ಬಿಡಲೋ?”

ಹಾಲವ್ವ ಹಣಿಗೆ ಎತ್ತಿಕೊಳ್ಳಲಿಲ್ಲ. ಉಣ್ಣೆಯ ಕೈಯನ್ನು ಸೀರೆಗೆ ಒರೆಸಿಕೊಂಡು, ಕಣ್ಣು ಮುಚ್ಚಿ, ಬೈತಲೆಗುಂಟ ಬೆರಳಾಡಿಸಿದಳು. ಹಣೆಯಿಂದ ಹಿಂದಕ್ಕೆ, ಹಿಂದಿನಿಂದ ಹಣೆಗೆ, ತಿರುಗಿ ಬುಡಕ್ಕೆ ವಿರುದ್ಧವಾಗಿ. ಅರ್ಧ ದಾರಿಯಲ್ಲಿ ಬೆರಳು ನಿಂತವು.

“ಚುಚ್ಚತಾವ” ಅಂದಳು ಹಾಲವ್ವ.

“ಏನ್ರಿ?”

“ಹೊಸಾವು. ಇಲ್ಲೆ ಬುಡದಾಗ, ಮರಿ ಉಣ್ಣೆ ಹಂಗ. ಇಲ್ಲೊಂದಿಷ್ಟು... ಇಲ್ಲೂ ಅದಾವ. ಇನ್ನೂ ಕಣ್ಣಿಗೆ ಕಾಣೂವಲ್ಲ ಇವು, ಬೆರಳಿಗೆ ಅಷ್ಟ.” ಆಮೇಲೆ ಕೆನ್ನೆಗೆ ಬೆರಳು ಇಳಿಸಿ ಅಲ್ಲಿಯ ರೋಮವನ್ನೂ ಮುಟ್ಟಿ ನೋಡಿದಳು. “ಇವೂ ಅದಾವ. ಇರಲಿ ಬಿಡು, ಅರಿಷಿಣಾ ಚಲೋ ಹಿಡೀತೈತಿ.”

ಸುಮನ ನಗಬೇಕೆಂದು ಬಾಯಿ ತೆರೆದಳು, ಅಳು ಬಂತು. ಹಾಲವ್ವ ಅಳಲು ಬಿಟ್ಟು ಹಣಿಗೆ ತೆಗೆದುಕೊಂಡಳು. ಮೊದಲಿನ ಹೆರಳಿನ ಅರ್ಧದಷ್ಟೂ ಇರಲಿಲ್ಲ, ಆದರೂ ಮೊದಲಿನಷ್ಟೇ ಹೊತ್ತು ಹಿಕ್ಕಿ, ಬಿಗಿಯಾಗಿ ಹೆಣೆದು, ತುದಿಗೆ ಗಂಟು ಹಾಕಿದಳು. ಹಣಿಗೆಗೆ ಬಂದ ನಾಲ್ಕೈದು ಕೂದಲನ್ನು ಬೆರಳಿಗೆ ಸುತ್ತಿ, ಅಂಗೈ ಮೇಲಿಟ್ಟು ಆಡಿಸಿ, ಏನೂ ತೂಕವಿಲ್ಲವೆಂದು ತೋರಿಸಿದಳು.

“ಆ ಬಾಟಲಿ ತಾ. ಎಷ್ಟಕ್ಕ ಗೆರಿ ಐತಿ, ತೋರಸು. ಇನ್ನ ಐತಾರ ನಾನ ಬಿಡತೀನಿ, ನೀ ಮತ್ತ ಅಂಗೈಗೆ ಸುರಕೊಂಡಿ ಅಂದ್ರ!”

ಸುಮನ ಬಾಟಲಿ ತಂದು ಕೈಗಿಟ್ಟಳು. “ಆಮ್ಯಾಲ ಕೈ ಸಬಕಾರ ಹಚ್ಚಿ ತೊಳಕೋರಿ ಅತ್ತಿ. ಇಲ್ಲಂದ್ರ ಅಂಗೈಯಾಗ ಕೂದಲಾ ಬರತಾವ.”

“ಬರಲಿ, ಅದನ್ನೂ ನೂಲತೀನಿ.” ನಳಿಕೆಯನ್ನು ಮಬ್ಬುಗಣ್ಣಿಗೆ ಹತ್ತಿರ ಹಿಡಿದು ಹಾಲವ್ವ ಗೆರೆಯನ್ನು ಉಗುರಿನಿಂದ ಗುರುತು ಮಾಡಿಕೊಂಡಳು. “ಅಲ್ಲ, ಈ ಕೇಸ್ ಎಲ್ಲೀ ತನಾ ನಡೀತೈತಿ ಅಂದ್ರು ಡಾಕ್ಟರು?”

“ಇದು ಮುಗಿಯೂದಿಲ್ಲಂತ್ರಿ. ಇರೂ ತನಾ ತಾರೀಖ ಬೀಳತಾನ ಇರತೈತಂತ.”

ಹಾಲವ್ವ ಮೊದಲ ಹನಿಯನ್ನು ಬೈತಲೆಗೆ ಬಿಟ್ಟು, ಒರಟು ಬೆರಳ ತುದಿಯಿಂದ ಮೆಲ್ಲಗೆ ಸವರಿದಳು.

“ಹಂಗಾರ ನಾನೂ ಲಗೂನ ಹೋಗೂಹಂಗಿಲ್ಲ ಬಿಡು” ಅಂದಳು. “ಪ್ರತಿ ತಾರೀಖಿಗೂ ಹಾಜರ ಇರಬೇಕಲ್ಲ.”